ಸೂಜಿಮೊನೆಗೆ ಸಿಕ್ಕ ಕನ್ನಡ ಅಕ್ಷರ

ಶಾಲೆಯ ಲಾಂಛನ, ಭಜನಾ ಮಂಡಳಿಯ ಶಾಲು, ಯುವಕ ಸಂಘದ ಅಂಗಿಯ ಕಿಸೆ - ಇವುಗಳ ಮೇಲೆ ಹೆಸರು ಮೂಡಿಸಲು ಕೈಕಸೂತಿಯವರನ್ನು ಹುಡುಕಿಕೊಂಡು ಹೋಗುವವರು ಈಗ ವಿರಳ. ಪೇಟೆಯ ಕಂಪ್ಯೂಟರ್ ಎಂಬ್ರಾಯ್ಡರಿಯವರಿಗೆ ಮೊಬೈಲಿನಿಂದ ಚಿತ್ರವೊಂದನ್ನು ಕಳುಹಿಸಿದರೆ ನಮ್ಮ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಆದರೆ ಅಲ್ಲಿಂದ ಮುಂದಿನದನ್ನೂ ಕನ್ನಡ ಮನೆಗಳವರು ಅರಿತಿರುವುದು ಒಳ್ಳೆಯದು. ಯಂತ್ರದ ಮುಂದೆ ಕುಳಿತವರಿಗೆ ಕನ್ನಡ ಓದಲು ಬಾರದಿರುವುದು ನಮ್ಮ ಜಿಲ್ಲೆಯಲ್ಲಿ ಅಪರೂಪವೇನೂ ಅಲ್ಲವಷ್ಟೆ.

ನಾವು ಕಳುಹಿಸುವ ಚಿತ್ರವೆಂದರೆ ಬಣ್ಣದ ಚುಕ್ಕೆಗಳ ಚೌಕುಳಿ. ಯಂತ್ರಕ್ಕೆ ಬೇಕಾದುದು ಚಿತ್ರವೇ ಅಲ್ಲ, ಸೂಜಿಯ ನಡಿಗೆಯ ಪಟ್ಟಿ: ಇಷ್ಟು ಬಲಕ್ಕೆ, ಇಷ್ಟು ಮೇಲಕ್ಕೆ, ಚುಚ್ಚು, ಜಿಗಿ, ಬಣ್ಣಕ್ಕಾಗಿ ನಿಲ್ಲು. ಜಪಾನಿನ ತಜೀಮಾ ಯಂತ್ರಗಳಿಂದ ಬಂದ ಡಿಎಸ್‌ಟಿ ಎಂಬ ಕಡತದಲ್ಲಿ ಈ ನಡಿಗೆಯ ಅಳತೆ ಮಿಲಿಮೀಟರಿನ ಹತ್ತನೆಯ ಒಂದಂಶ; ಒಂದು ಹೆಜ್ಜೆ 12.1 ಮಿಲಿಮೀಟರನ್ನು ಮೀರುವಂತಿಲ್ಲ. ಬ್ರದರ್ ಯಂತ್ರಕ್ಕೆ ಪಿಇಎಸ್, ಜನೋಮಿಗೆ ಜೆಇಎಫ್. ಕಡತದ ಹೆಸರಿನ ಬಾಲವನ್ನು ಬದಲಿಸಿದ ಮಾತ್ರಕ್ಕೆ ಚುಕ್ಕೆಗಳು ಹೊಲಿಗೆಗಳಾಗುವುದಿಲ್ಲ. ಬಣ್ಣಗಳನ್ನು ನಾಲ್ಕೈದಕ್ಕೆ ಇಳಿಸಿ, ಅಂಚುಗಳನ್ನು ಗೆರೆಗಳಾಗಿ ಎಳೆದು, ಎಲ್ಲಿ ಸಾದಾ ಓಟದ ಹೊಲಿಗೆ, ಎಲ್ಲಿ ರಿಬ್ಬನ್ನಿನಂತೆ ಹೊಳೆಯುವ ಸ್ಯಾಟಿನ್, ಎಲ್ಲಿ ಬಯಲು ತುಂಬುವ ಹೊಲಿಗೆ ಎಂದು ಯಾರಾದರೂ ನಿರ್ಧರಿಸಬೇಕು. ಹಿಂದೆ ಇದೇ ಕೆಲಸವನ್ನು ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಮಾಡುತ್ತಿದ್ದರು. ಕಾಗದ ಹೋದರೂ ಕಸುಬಿನವರ ಬಾಯಲ್ಲಿ ‘ಪಂಚಿಂಗ್’ ಎಂಬ ಹೆಸರು ಉಳಿದಿದೆ.

ಒಂದು ಗುಂಡಿ ಒತ್ತಿದರೆ ಕಂಪ್ಯೂಟರೇ ಎಲ್ಲವನ್ನೂ ನಿರ್ಧರಿಸುವ ಸೌಕರ್ಯವೂ ಇದೆ. ಹೂವಿಗೆ, ಎಲೆಗೆ ಅದು ಸಾಕಾಗಬಹುದು. ಕನ್ನಡ ಅಕ್ಷರಕ್ಕೆ ಸಾಲದು. ದ, ಧ, ಥಗಳಿಗೆ ಇರುವ ಅಂತರವೆಂದರೆ ಹೊಟ್ಟೆಯ ಸೀಳು, ಒಳಗಿನ ಚುಕ್ಕೆ, ಅಷ್ಟೆ. ಕಿಸೆಯ ಮೇಲಿನ ಸಣ್ಣ ಅಕ್ಷರದಲ್ಲಿ ಆ ಸೀಳು ಅರ್ಧ ಮಿಲಿಮೀಟರೂ ಇರಲಾರದು. ಸಾಮಾನ್ಯವಾಗಿ ಬಳಸುವ ಸೂಜಿಯ ದಪ್ಪವೇ ಮುಕ್ಕಾಲು ಮಿಲಿಮೀಟರು. ಹೊಲಿಗೆ ಬಟ್ಟೆಯನ್ನು ಬಿಗಿದೆಳೆಯುವುದರಿಂದ ಗೆರೆಯನ್ನು ಕೊಂಚ ಅಗಲವಾಗಿಯೇ ಇಡಬೇಕು. ಅಗಲವಾದಷ್ಟೂ ಸೀಳು ಮುಚ್ಚುತ್ತದೆ. ಮಧೂರು ‘ಮದೂರು’ ಆಗುತ್ತದೆ, ಧನ ‘ದನ’ವಾಗುತ್ತದೆ. ಬದಿಯಡ್ಕದ ಒತ್ತಕ್ಷರ ನೂಲಿನ ಗಂಟಿನಂತೆ ಕಂಡರೆ, ಅದನ್ನು ಕಸವೆಂದು ತಿಳಿದು ಅಳಿಸಿಬಿಡುವವರೂ ಇದ್ದಾರು. ಅವರನ್ನು ದೂರಿ ಫಲವಿಲ್ಲ. ತಮಗೆ ಓದಲು ಬಾರದ ಲಿಪಿಯಲ್ಲಿ ಯಾವುದು ಅಕ್ಷರ, ಯಾವುದು ಕಲೆ ಎಂದು ಅವರು ತಿಳಿಯುವುದಾದರೂ ಹೇಗೆ?

ಆದುದರಿಂದ ಹಳೆಯ ಆಮಂತ್ರಣ ಪತ್ರಿಕೆಯ ಫೋಟೋ ತೆಗೆದು ಕಳುಹಿಸುವ ಪದ್ಧತಿಯನ್ನು ಬಿಡುವುದು ಲೇಸು. ಜೆಪಿಇಜಿ ಚಿತ್ರದ ಅಂಚಿನಲ್ಲಿ ಮೂಡುವ ಮಸುಕು ಚುಕ್ಕೆಗಳನ್ನು ಕಂಪ್ಯೂಟರು ಬೇರೆಯೇ ಬಣ್ಣವೆಂದು ಎಣಿಸುವುದುಂಟು. ಕಂಪ್ಯೂಟರು ಬಲ್ಲ ಹುಡುಗ ಹುಡುಗಿಯರು ಈಗ ನಮ್ಮ ಮನೆಗಳಲ್ಲೇ ಇದ್ದಾರೆ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಹೆಸರನ್ನು ಕನ್ನಡದಲ್ಲೇ ಬೆರಳಚ್ಚಿಸಿ ಗೆರೆಗಳಾಗಿ ಮಾರ್ಪಡಿಸಬಹುದು. ಅದಕ್ಕೆ ಜೋಡಿಸುವ ಇಂಕ್‌ಸ್ಟಿಚ್, ಅದೂ ಉಚಿತವೇ, ಆ ಗೆರೆಗಳಿಗೆ ಹೊಲಿಗೆ ಕೂಡಿಸಿ ಡಿಎಸ್‌ಟಿ, ಪಿಇಎಸ್ ಮೊದಲಾದ ಕಡತಗಳನ್ನು ಬರೆಯುತ್ತದೆ. ಸೂಜಿಯ ನಡಿಗೆಯನ್ನು ಪರದೆಯ ಮೇಲೆ ಮುಂಚಿತವಾಗಿ ತೋರಿಸುತ್ತದೆ. ಧಕಾರದ ಸೀಳನ್ನು ಬೇಕೆಂದೇ ಅಗಲಿಸುವುದು, ಒತ್ತನ್ನು ಕೊಂಚ ದೊಡ್ಡದು ಮಾಡಿ ಕೆಳಕ್ಕಿಳಿಸುವುದು ಓದಬಲ್ಲವರ ಕೈಯಿಂದಲೇ ಆಗಬೇಕಾದ ಕೆಲಸ. ಮೊದಲ ಪ್ರಯತ್ನದಲ್ಲೇ ಚೆನ್ನಾಗಿ ಬರುವುದೆಂದು ನಾವು ಹೇಳುತ್ತಿಲ್ಲ.

ಡಿಎಸ್‌ಟಿ ಕಡತ ಬಣ್ಣ ಬದಲಿಸಲು ಎಲ್ಲಿ ನಿಲ್ಲಬೇಕೆಂದು ಹೇಳೀತೇ ಹೊರತು ಯಾವ ಬಣ್ಣವೆಂದು ಹೇಳಲಾರದು. ಅದನ್ನು ಚೀಟಿಯಲ್ಲಿ ಬರೆದುಕೊಡಬೇಕು. ನೂರು ಶಾಲು ಹೊಲಿಸುವ ಮುನ್ನ ಅದೇ ಬಟ್ಟೆಯ ತುಂಡಿನ ಮೇಲೆ ಒಂದನ್ನು ಹೊಲಿಸಿ, ಮನೆಗೆ ತಂದು, ಕನ್ನಡ ಓದುವ ಮಗುವಿನ ಕೈಯಲ್ಲಿ ಕೊಟ್ಟು ಗಟ್ಟಿಯಾಗಿ ಓದಿಸಿ.