ಎಡಗೈ ಅಜ್ಜಂದು, ಬಲಗೈ ಮೊಮ್ಮಗಳದು

ಮಕ್ಕಳೇ, ವಾಲ್ಟ್ಸ್ ಎಂದರೆ ಮೂರು ಎಣಿಕೆಯ ಕುಣಿತದ ಸಂಗೀತ. ನಮ್ಮ ದಾದ್ರಾ ತಾಳದಲ್ಲೂ ಮೂರು ಮೂರು ಮಾತ್ರೆ. ಪೋಲೆಂಡಿನ ಶೋಪ್ಯಾನ್ (1810–1849) ಪಿಯಾನೊಗೆ ಇಂಥವನ್ನು ಬರೆದ. ಮೈಸೂರಿನ ಜಯಚಾಮರಾಜ ಒಡೆಯರೂ ಪಿಯಾನೊ ನುಡಿಸುತ್ತಿದ್ದರು.

ಕೂಡಲಸಂಗಮದ ನಮ್ಮ ಮನೆಯ ಕೀಬೋರ್ಡಿನಲ್ಲಿ, 1847ರಲ್ಲಿ ಅಚ್ಚಾದ ಅವನದೊಂದು ವಾಲ್ಟ್ಸ್ ಕಲಿಯುತ್ತಿದ್ದೇವೆ. ಬ್ಯಾಂಕಿನಲ್ಲಿ ನೋಟು ಎಣಿಸಿದ ನನ್ನ ಬೆರಳು ಈಗ ಬಿಗಿ; ಓಡುವ ರಾಗ ಮೊಮ್ಮಗಳ ಪಾಲು. ನನ್ನದು ಎಡಗೈ: ಒಂದಕ್ಕೆ ತಗ್ಗಿನ ಸ್ವರ, ಎರಡು-ಮೂರಕ್ಕೆ ಹಗುರವಾಗಿ ಸ್ವರಗುಚ್ಛ.

ಭಾವ ಬರಲೆಂದು ಅವಳು ಒಂದು ಸ್ವರ ಎಳೆಯುತ್ತಾಳೆ, ಮುಂದಿನದನ್ನು ಓಡಿಸುತ್ತಾಳೆ. ನಾನು ಕಾಯಹೋದರೆ, “ಅಜ್ಜಾ, ನನ್ನ ಹಿಂದ ಬರಬ್ಯಾಡ. ನಿನ್ನ ತಾಳ ನೀ ಹಿಡಿ” ಅಂತಾಳೆ. ಎಡಗೈ ತಾಳ ಬಿಡಬಾರದೆಂದು ಶೋಪ್ಯಾನನೂ ಶಿಷ್ಯರಿಗೆ ಹೇಳುತ್ತಿದ್ದ. ತಬಲಾ ಠೇಕಾ ಗಟ್ಟಿಯಿದ್ದರೆ ತಾನೇ ಗಾಯಕರು ನಿಶ್ಚಿಂತೆಯಿಂದ ಸ್ವರ ಎಳೆಯುವುದು?

ಅಜ್ಜ-ಅಜ್ಜಿಯರೇ, ಎರಡೂ ಕೈ ಸಾಗದಿದ್ದರೆ ಒಂದನ್ನು ಮೊಮ್ಮಕ್ಕಳಿಗೆ ಬಿಡಿ. ತಾಳ ಮಾತ್ರ ಬಿಡಬೇಡಿ.