ತೊಟ್ಟಿನಡಿಯ ಕಾಳಗ

ತಿಪಟೂರು ಸೀಮೆಯಲ್ಲಿ ಬಿಸಿಲೇರುವ ಮೊದಲೇ ಕೊಬ್ಬರಿ ಸುಲಿಯುವ ಕೆಲಸ ಶುರುವಾಗಿರುತ್ತದೆ. ಹೀಗೆ ಬನ್ನಿ, ಗರಿ ಹೊದಿಸಿದ ಈ ಚಪ್ಪರದ ನೆರಳಿಗೆ. ನೆಲಕ್ಕೆ ಹೂಳಿದ ಚೂಪು ಕಬ್ಬಿಣದ ಮೇಲೆ ಕಾಯಿ ಕುಕ್ಕಿ, ಮೈಭಾರವನ್ನೆಲ್ಲ ಅಂಗೈಗೆ ತಂದು ಒತ್ತಿ ಒಂದು ತಿರುವು ಕೊಟ್ಟರೆ ಒಣಸಿಪ್ಪೆ ಚರ್ರೆಂದು ಬಿಡುತ್ತದೆ. ಇನ್ನೆರಡು ತಿರುವಿಗೆ ಬುರುಡೆ ಹೊರಗೆ. ಹತ್ತು–ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿ ನೀರು ಇಂಗಿದ ಕಾಯಿಗಳಿವು. ಅಲ್ಲಾಡಿಸಿದರೆ ಒಳಗೆ ಗಿಟುಕು ಗಡಗಡ ಎನ್ನುತ್ತದೆ. ಪಕ್ಕದಲ್ಲಿ ಕಾಲು ಚಾಚಿ ಕೂತ ಹೆಂಗಸರು ಮಚ್ಚಿನ ಹಿಂಬದಿಯಿಂದ ಕರಟಕ್ಕೆ ಸುತ್ತಲೂ ತಟ್ಟಿ, ಕೊಬ್ಬರಿ ಚೂರಾಗದ ಹಾಗೆ ಇಡಿಯಾಗಿ ಬಿಡಿಸಿ ರಾಶಿಗೆ ಉರುಳಿಸುತ್ತಾರೆ. ನಾರಿನ ದೂಳು, ಎಣ್ಣೆಗಟ್ಟಿದ ಕೊಬ್ಬರಿಯ ಸಿಹಿ ಘಮ, ಒಲೆಯ ಕಡೆಯಿಂದ ಬರುವ ಕರಟದ ಹೊಗೆ, ಎಲ್ಲ ಸೇರಿ ಮೂಗು ತುಂಬುತ್ತದೆ.

ಸುಲಿಯುವವರ ಕೈ ಓಡುತ್ತ ಓಡುತ್ತ ಒಂದು ಕಾಯಿಗೆ ತಡವರಿಸುತ್ತದೆ. ಸಿಪ್ಪೆ ಬಿಡುವುದಿಲ್ಲ, ಮತ್ತೆ ಕುಕ್ಕಬೇಕು, ಮತ್ತೆ ಒತ್ತಬೇಕು. “ನುಸಿ ಕಾಯಿ” ಎಂದು ಬೇಸರದಿಂದಲೇ ಗೊಣಗುತ್ತಾರೆ. ಎತ್ತಿ ನೋಡಿ. ತೊಟ್ಟಿನಿಂದ ಕೆಳಕ್ಕೆ ಕಂದುಬಣ್ಣದ ಹುರುಕು, ಉದ್ದುದ್ದ ಸೀಳು, ಸೀಳಿನಲ್ಲಿ ಒಸರಿ ಗಟ್ಟಿಯಾದ ಅಂಟು. ನಾರು ಬಿಗಿದು ಕರಟಕ್ಕೆ ಕಚ್ಚಿಕೊಂಡಿದೆ. ಒಂದು ಕಡೆ ಸೊರಗಿ ಕಾಯಿಯೇ ಸೊಟ್ಟಗಾಗಿದೆ. ಒಳಗಿಂದ ಬಂದ ಗಿಟುಕು ಚಿಕ್ಕದು, ಅದು ಬೇರೆ ರಾಶಿಗೆ. ಮಂಡಿಯಲ್ಲಿ ಗಾತ್ರಕ್ಕೆ ಬೆಲೆ. ಕಾಯಿ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೂ ಇಂಥದ್ದೊಂದು ಬಂದರೆ ಎರಡು ಕಾಯಿಯ ದುಡಿಮೆ ಹೋಯಿತು.

ಇದನ್ನೆಲ್ಲ ಮಾಡಿದವರು ಯಾರೆಂದು ನೋಡಬೇಕಾದರೆ ಒಂದು ಎಳೆಗಾಯಿ ಬೇಕು. ಮರದಡಿ ಉದುರಿದವುಗಳಲ್ಲಿ ಮುಷ್ಟಿಗಿಂತ ಚಿಕ್ಕದೊಂದು ಸಿಕ್ಕಿತು. ತೊಟ್ಟಿನ ಕೆಳಗೆ ಮಾಸಲು ಹಳದಿ ಬಣ್ಣದ ಮುಕ್ಕೋನದ ಮಚ್ಚೆ. ಕಾಟ ಹತ್ತಿದ ಮೊದಲ ಗುರುತು ಅದೇ. ಕಾಯಿಯ ನೆತ್ತಿ ಮುಚ್ಚಿದ ಆ ದಪ್ಪ ಪಕಳೆಗಳನ್ನು ಉಗುರಿನಿಂದ ಒಂದೊಂದಾಗಿ ಮೀಟಿ. ಒಳಗಿನ ಮೈ ಬೆಳ್ಳಗೆ, ತೇವವಾಗಿ, ಹೂವಿನಷ್ಟೇ ಎಳಸಾಗಿದೆ. ಬೆಳೆಯುವ ಕಾಯಿಯ ಹೊಸ ಜೀವಕೋಶ ಹುಟ್ಟುವುದೇ ಇಲ್ಲಿ. ಬರಿಗಣ್ಣಿಗೆ ಅಲ್ಲಿ ಒಂದಿಷ್ಟು ಬಿಳಿ ಪುಡಿ, ಅಷ್ಟೆ. ಭೂತಗನ್ನಡಿ ಹಿಡಿದು ಉಸಿರು ಬಿಗಿಹಿಡಿದರೆ ಪುಡಿ ಮಿಸುಕುತ್ತದೆ. ಉದ್ದನೆಯ ಮೈ, ತಲೆಯ ಬಳಿ ಎರಡೇ ಜೊತೆ ಕಾಲು, ಉದ್ದ ಹೆಚ್ಚುಕಡಿಮೆ ಮಿಲಿಮೀಟರಿನ ನಾಲ್ಕನೆಯ ಒಂದು ಭಾಗದಷ್ಟು. ಮೊಟ್ಟೆಯಿಂದ ಪ್ರಾಯಕ್ಕೆ ಬರಲು ಹತ್ತು ದಿನ ಸಾಕು. ಒಂದೇ ಕಾಯಿಯ ತೊಟ್ಟಿನಡಿ ಸಾವಿರಾರು ಸೇರಿ ರಸ ಹೀರುತ್ತವೆ. ಕಾಯಿ ದೊಡ್ಡದಾದಂತೆ ಅವು ಗಾಯ ಮಾಡಿದ ಜಾಗ ತೊಟ್ಟಿನಿಂದ ಹೊರಕ್ಕೆ ಸರಿದು ಹುರುಕಾಗಿ ಕಾಣುತ್ತದೆ. ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಹಾನಿ ಹಳೆಯದಾಗಿರುತ್ತದೆ.

1965ರಲ್ಲಿ ಮೆಕ್ಸಿಕೋದ ಗೆರೆರೋ ರಾಜ್ಯದ ತೆಂಗಿನಲ್ಲಿ ಈ ನುಸಿಯನ್ನು ಗುರುತಿಸಿ ಅಸೇರಿಯಾ ಗೆರೆರೋನಿಸ್ ಎಂದು ಹೆಸರಿಟ್ಟರು. ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯ ಅಂಬಲ್ಲೂರಿನಿಂದ. ರೆಕ್ಕೆಯಿಲ್ಲದ ಈ ಜೀವಿಗೆ ಗಾಳಿಯೇ ವಾಹನ. ಕೆಲವೇ ವರ್ಷಗಳಲ್ಲಿ ತಮಿಳುನಾಡು ಹೊಕ್ಕಿತು, ಕರ್ನಾಟಕದ ಬಯಲುಸೀಮೆಯ ತೋಟಗಳನ್ನೂ ತುಂಬಿತು. ಆಗಿನ ದಿಗಿಲಿಗೆ ರೈತರು ಸಿಕ್ಕಸಿಕ್ಕ ವಿಷವನ್ನೆಲ್ಲ ಮರಕ್ಕೆ ಉಣಿಸಿದರು. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ವರ್ಷದ ಅನ್ನ ಕಣ್ಣೆದುರೇ ಸುಕ್ಕುಗಟ್ಟುತ್ತಿದ್ದರೆ ಯಾರ ಕೈ ತಾನೇ ಸುಮ್ಮನಿರುತ್ತದೆ? ಆದರೆ ಅಷ್ಟೆತ್ತರದ ಮರದ ನೆತ್ತಿಗೆ ಚಿಮ್ಮಿಸಿದ ದ್ರಾವಣ ಪಕಳೆಯ ಮೇಲೆ ಜಾರಿ ನೆಲಕ್ಕೆ ಬೀಳುತ್ತದೆ, ನುಸಿ ಕೂತ ಸಂದಿಗೆ ಇಳಿಯುವುದು ಕಡಿಮೆ. ಆಮೇಲೆ ಬೇವು ಬಂತು. ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ ಅರೆದ ರಸ, 5 ಗ್ರಾಂ ಸೋಪು ಕದಡಿ ಎಳೆಯ ಗೊನೆಗಳಿಗೆ ಹೊಡೆಯುವುದು. ಇಲ್ಲವೇ ಎಳೆಬೇರನ್ನು ಓರೆಯಾಗಿ ಕತ್ತರಿಸಿ ಬೇವಿನ ಔಷಧಿಯ ಪುಟ್ಟ ಚೀಲ ಕಟ್ಟುವುದು. ಇದರಿಂದ ಕಾಟ ತಗ್ಗಿತು, ತೀರಲಿಲ್ಲ.

ಇನ್ನೊಂದು ಎಳೆಗಾಯಿಯ ಪಕಳೆ ಎತ್ತೋಣ. ಈ ಬಾರಿ ಕೈ ನಿಧಾನ. ಬಿಳಿ ಪುಡಿಯ ನಡುವೆ ಒಣಹುಲ್ಲಿನ ಬಣ್ಣದ, ಮಿರುಗುವ ಚುಕ್ಕೆಯೊಂದು ಸರ್ರನೆ ಓಡಿ ನಿಂತು ಮತ್ತೆ ಓಡುತ್ತದೆ. ಅದೂ ನುಸಿಯೇ, ಆದರೆ ಎಂಟು ಕಾಲಿನ ಬೇಟೆಗಾರ. ನಿಯೋಸಿಯುಲಸ್ ಬರಾಕಿ ಎಂಬ ಇದರ ಮೈ ಅವಲಕ್ಕಿಯಂತೆ ಚಪ್ಪಟೆ. ಅದಕ್ಕೇ ಹೆಚ್ಚಿನ ಶತ್ರುಗಳು ನುಗ್ಗಲಾರದ ಸಂದಿಗೆ ಇದು ನುಗ್ಗುತ್ತದೆ. ಭೂತಗನ್ನಡಿಯಲ್ಲಿ ನೋಡುತ್ತಿದ್ದಂತೆಯೇ ಒಂದು ನುಸಿಯನ್ನು ಹಿಡಿದು ಹೀರಿ ತೊಗಲನ್ನು ಬಿಟ್ಟು ಮುಂದಕ್ಕೆ ಹೋಯಿತು. ಒಂದೇ ತೊಡಕೆಂದರೆ ಇದು ಬರುವುದು ತುಸು ತಡ. ಕಾಯಿಗೆ ಒಂದು ತಿಂಗಳಾಗುವಾಗ ಪಕಳೆಯಡಿ ಬಿಡುವ ಸಂದಿ ಸಣ್ಣ ನುಸಿಗೆ ಸಾಲುತ್ತದೆ, ಬೇಟೆಗಾರನಿಗೆ ಸಾಲದು. ಬೇಟೆಗಾರ ಒಳಹೊಗುವಷ್ಟರಲ್ಲಿ ಸಣ್ಣ ನುಸಿಗಳು ಮನೆ ಮಾಡಿಕೊಂಡಿರುತ್ತವೆ. ಶ್ರೀಲಂಕಾದ ಲುಣುವಿಲದ ತೆಂಗು ಸಂಶೋಧನಾ ಸಂಸ್ಥೆಯವರು ಈ ಬೇಟೆಗಾರರನ್ನು ಸಾಕಿ ಬೆಳೆಸಿ ತೋಟಗಳಿಗೆ ಬಿಟ್ಟಿದ್ದಾರೆ.

ಮಳೆಗಾಲದಲ್ಲಿ ಮತ್ತೊಬ್ಬ ಜೊತೆಗಾರ ಬರುತ್ತಾನೆ. ಹಿರ್ಸುಟೆಲ್ಲಾ ಥಾಂಪ್ಸೋನಿ ಎಂಬ ಶಿಲೀಂಧ್ರ. ಅದರ ಬೀಜಕಣ ನಡೆದಾಡುವ ನುಸಿಗೆ ಅಂಟಿ, ಮೈಯೊಳಗೆ ಬೆಳೆದು, ಸತ್ತ ನುಸಿಯಿಂದ ನವಿರು ಎಳೆಗಳಾಗಿ ಹೊರಬರುತ್ತದೆ. ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯದ ವಿಜ್ಞಾನಿಗಳು ಇದನ್ನು ‘ಮೈಕೋಹಿಟ್’ ಎಂಬ ಪುಡಿಯಾಗಿಸಿದರು. ತೇವ ಇದ್ದರೆ ಮಾತ್ರ ಇದರ ಆಟ. ಒಣ ಬೇಸಿಗೆಯಲ್ಲಿ, ನುಸಿ ಉಕ್ಕುವ ಹೊತ್ತಿಗೆ, ಇದು ಸೋಲುತ್ತದೆ. ಘಾಟು ವಿಷ ಸುರಿದರೆ ಈ ನೆಂಟರಿಗೂ ಪೆಟ್ಟು ಎಂಬುದನ್ನು ಪ್ರತಿ ಔಷಧಿ ಅಂಗಡಿಯ ಬಾಗಿಲಲ್ಲಿ ಬರೆದು ಹಾಕಬೇಕೆಂದು ನನ್ನ ಆಸೆ.

ಮರಗಳಲ್ಲೂ ವ್ಯತ್ಯಾಸ ಉಂಟು. ತೊಟ್ಟು ಬಿಗಿಯಾಗಿ ಕೂತ ದುಂಡು ಕಾಯಿಗೆ ಕಾಟ ಕಮ್ಮಿ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇಂಥ ಗುಣ ನೋಡಿ ಆರಿಸಿ ಕೊಟ್ಟ ತಳಿ ‘ಕಲ್ಪ ಹರಿತ’. ಈ ತೋಟದ ಹಿರಿಯರಂತೂ ತಮ್ಮದೇ ಆಯ್ಕೆ ನಡೆಸಿದ್ದಾರೆ. ಮೂಡಲ ಬೇಲಿಯ ಪಕ್ಕದ ಮರಕ್ಕೆ ಸುಣ್ಣದ ಪಟ್ಟೆ ಬಳಿದಿದೆ; ಸುತ್ತಲಿನ ಮರಗಳ ಕಾಯಿ ಹುರುಕಾದಾಗಲೂ ಅದರ ಗೊನೆ ನುಣ್ಣಗಿತ್ತಂತೆ. ಅದರ ಬಲಿತ ಕಾಯಿ ಮಂಡಿಗೆ ಹೋಗುವುದಿಲ್ಲ, ಬಾವಿ ಪಕ್ಕದ ಸಸಿಪಾತಿಗೆ ಹೋಗುತ್ತದೆ. ಎತ್ತರದ ತೆಂಗಿಗೆ ನೆರೆಮರದ ಪರಾಗ ಬೀಳುವುದರಿಂದ ತಾಯಿಯ ಗುಣ ಎಲ್ಲ ಸಸಿಗೂ ಬರುವುದಿಲ್ಲ. ಅದಕ್ಕೇ ಅವರು ಪಾತಿಯಲ್ಲೂ ಸೊರಗಿದ್ದನ್ನು ಕಿತ್ತು, ಕತ್ತು ದಪ್ಪಗಿರುವುದನ್ನಷ್ಟೇ ಮುಂದಿನ ಮಳೆಗೆ ಗುಂಡಿಗಿಳಿಸಲು ಉಳಿಸಿಕೊಂಡಿದ್ದಾರೆ.