ಚುಕ್ಕಿ ಇಟ್ಟು, ಗೆರೆ ಎಳೆದು ತಪ್ಪು ತಿದ್ದುವ ವಿದ್ಯೆ

ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸದಿದ್ದಾಗ ನಾವು ಹೆಸರನ್ನು ಬಿಡಿಸಿ ಹೇಳುತ್ತೇವೆ: ‘ಬಡಿಗೇರ, ಬಳ್ಳಾರಿಯ ಬ’. ತಲುಪಬೇಕಾದದ್ದು ಒಂದೇ ಅಕ್ಷರ. ಅದು ದಾರಿಯಲ್ಲಿ ಕೆಡದಿರಲೆಂದು ಜೊತೆಗೆ ಒಂದು ಇಡೀ ಪದವನ್ನೇ ಕಳುಹಿಸುತ್ತೇವೆ.

ಮೊಬೈಲು, ಉಪಗ್ರಹ, ಟಿ.ವಿ. ಎಲ್ಲವೂ ಮಾಡುವುದು ಇದನ್ನೇ. ಅಲ್ಲಿ ಮಾತು, ಚಿತ್ರ, ಹಾಡು ಎಲ್ಲವೂ 0 ಮತ್ತು 1 ಎಂಬ ಎರಡೇ ಅಂಕಿಗಳ ಸಾಲಾಗಿ ಹರಿಯುತ್ತವೆ. ಈ ಒಂದೊಂದು ಅಂಕಿಗೂ ಬಿಟ್ ಎಂದು ಹೆಸರು. ದಾರಿಯ ಗದ್ದಲಕ್ಕೆ ಸಿಕ್ಕಿ 0 ಹೋಗಿ 1 ಆಗಬಹುದು, 1 ಹೋಗಿ 0 ಆಗಬಹುದು. ತಪ್ಪು ಎಲ್ಲಾಯಿತೆಂದು ಕಳುಹಿಸಿದವರನ್ನು ಮತ್ತೆ ಕೇಳದೆ, ಬಂದ ಸಾಲಿನಿಂದಲೇ ಪತ್ತೆ ಮಾಡಿ ಸರಿಪಡಿಸುವ ವಿದ್ಯೆಗೆ ‘ತಪ್ಪು ತಿದ್ದುವ ಸಂಕೇತ’ ಎನ್ನುತ್ತಾರೆ. ಇದು ಎಂಜಿನಿಯರುಗಳಿಗೆ ಮಾತ್ರ ತಿಳಿಯುವ ಕಠಿಣ ಗಣಿತ ಎಂದು ಹೆದರಬೇಕಿಲ್ಲ. ಇದರ ತಿರುಳನ್ನು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಚಿತ್ರ ಬರೆದೇ ತಿಳಿಯಬಹುದು.

ಸೋಮವಾರದ ಸಿಟ್ಟು

1940ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರಿದ್ದರು. ವಾರಾಂತ್ಯದಲ್ಲಿ ಯಾರೂ ಇಲ್ಲದಾಗ ಅವರ ಲೆಕ್ಕಗಳನ್ನು ಅಲ್ಲಿಯ ಕಂಪ್ಯೂಟರ್ ಮಾಡುತ್ತಿತ್ತು. ಎಲ್ಲಾದರೂ ತಪ್ಪು ಕಂಡರೆ ಅದು ಆ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ಸೋಮವಾರ ಬಂದು ನೋಡಿದರೆ ಕೆಲಸ ಆಗಿರುತ್ತಿರಲಿಲ್ಲ. ತಪ್ಪಾಗಿದೆ ಎಂದು ತಿಳಿಯಬಲ್ಲ ಯಂತ್ರಕ್ಕೆ ಅದು ಎಲ್ಲಾಗಿದೆ ಎಂದು ಏಕೆ ತಿಳಿಯಬಾರದು? ಈ ಪ್ರಶ್ನೆಗೆ ಹ್ಯಾಮಿಂಗ್ ಕಂಡುಕೊಂಡ ಉತ್ತರ 1950ರಲ್ಲಿ ಪ್ರಕಟವಾಯಿತು.

ಏಳು ವೃತ್ತ, ಮೂರು ಚೌಕ

ಈಗ ಪೆನ್ಸಿಲ್ ಹಿಡಿಯಿರಿ. ಒಂದು ಸಾಲಿನಲ್ಲಿ ಏಳು ವೃತ್ತ ಬರೆದು 1ರಿಂದ 7ರವರೆಗೆ ಅಂಕೆ ಕೊಡಿ. ಇವು ಬಿಟ್‌ಗಳು. ಕೆಳಗೆ ಮೂರು ಚೌಕ ಬರೆದು ಕ, ಖ, ಗ ಎಂದು ಹೆಸರಿಡಿ. ಇವರು ಕಾವಲುಗಾರರು. ‘ಕ’ ಚೌಕದಿಂದ 1, 3, 5, 7ಕ್ಕೆ ಗೆರೆ ಎಳೆಯಿರಿ. ‘ಖ’ ಚೌಕದಿಂದ 2, 3, 6, 7ಕ್ಕೆ. ‘ಗ’ ಚೌಕದಿಂದ 4, 5, 6, 7ಕ್ಕೆ. ನಿಯಮ ಒಂದೇ: ಯಾವ ಚೌಕಕ್ಕೇ ಆಗಲಿ, ಸೇರಿದ ನಾಲ್ಕು ವೃತ್ತಗಳ ಮೊತ್ತ ಸಮಸಂಖ್ಯೆ ಆಗಿರಬೇಕು.

ಕಳುಹಿಸಬೇಕಾದ ಸುದ್ದಿ 1, 0, 1, 1 ಎಂದಿರಲಿ. ಅದನ್ನು 3, 5, 6, 7ನೆಯ ವೃತ್ತಗಳಲ್ಲಿ ತುಂಬಿ. ನಿಯಮ ಕೆಡದಂತೆ ಉಳಿದ 1, 2, 4ನೆಯ ವೃತ್ತಗಳನ್ನು ತುಂಬಿದರೆ 0, 1, 0 ಬರುತ್ತದೆ. ಹೋಗುವ ಸಾಲು 0110011.

ದಾರಿಯಲ್ಲಿ 6ನೆಯ ಬಿಟ್ ಕೆಟ್ಟು 0110001 ಎಂದು ಬಂತೆನ್ನೋಣ. ‘ಕ’ ಸುಮ್ಮನಿರುತ್ತಾನೆ. ‘ಖ’ನಿಗೆ ಮೊತ್ತ 3, ‘ಗ’ನಿಗೆ 1, ಇಬ್ಬರೂ ದೂರು ಕೊಡುತ್ತಾರೆ. ಖ, ಗ ಇಬ್ಬರಿಗೂ ಸೇರಿ, ‘ಕ’ನಿಗೆ ಸೇರದ ವೃತ್ತ ಯಾವುದು? 6 ಒಂದೇ. ಅದನ್ನು ತಿರುಗಿಸಿದರೆ ಕೆಲಸ ಮುಗಿಯಿತು. ಪ್ರತಿ ಬಿಟ್ಟನ್ನೂ ಮೂರು ಸಲ ಹೇಳುವುದಾದರೆ ನಾಲ್ಕು ಬಿಟ್‌ಗೆ ಹನ್ನೆರಡು ಬೇಕಿತ್ತು. ಇಲ್ಲಿ ಏಳು ಸಾಕಾಯಿತು.

ಆದರೆ 3 ಮತ್ತು 6 ಎರಡೂ ಕೆಟ್ಟರೆ? ‘ಖ’ನಿಗೆ ಎರಡೂ ಸೇರಿರುವುದರಿಂದ ಅವನು ಸುಮ್ಮನಾಗುತ್ತಾನೆ. ಕ, ಗ ಕೂಗುತ್ತಾರೆ. ತಪ್ಪು ಮಾಡದ 5ನೆಯ ವೃತ್ತದ ಮೇಲೆ ಅಪವಾದ ಬರುತ್ತದೆ! ಗದ್ದಲ ಹೆಚ್ಚಿದ್ದಲ್ಲಿ ಈ ಪುಟ್ಟ ಚಿತ್ರ ಸಾಲದು.

ವೃತ್ತ–ಚೌಕಗಳ ಸಮಾಲೋಚನೆ

1948ರಲ್ಲಿ ಕ್ಲಾಡ್ ಶಾನನ್ ಒಂದು ಆಶ್ಚರ್ಯದ ಸಂಗತಿಯನ್ನು ಸಾಧಿಸಿ ತೋರಿಸಿದ್ದರು. ಗದ್ದಲವಿರುವ ಪ್ರತಿಯೊಂದು ಮಾರ್ಗಕ್ಕೂ ಒಂದು ಮಿತಿ ಇದೆ. ಆ ಮಿತಿಯೊಳಗಿನ ವೇಗದಲ್ಲಿ ಕಳುಹಿಸಿದರೆ ತಪ್ಪನ್ನು ಎಷ್ಟು ಬೇಕಾದರೂ ಕಡಿಮೆ ಮಾಡಬಹುದು. ಅಂಥ ಸಂಕೇತ ಇದೆ ಎಂದರೇ ಹೊರತು ಅದನ್ನು ಕಟ್ಟುವ ಸುಲಭ ದಾರಿಯನ್ನು ಅವರು ತೋರಿಸಲಿಲ್ಲ.

ಆ ದಾರಿಯ ಬಾಗಿಲು ತೆರೆದವರು ರಾಬರ್ಟ್ ಗ್ಯಾಲಗರ್. 1960ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಬರೆದ ಡಾಕ್ಟರೇಟ್ ಪ್ರಬಂಧದಲ್ಲಿ ಅವರ ಸಲಹೆ ಹೀಗಿತ್ತು: ವೃತ್ತಗಳು ಸಾವಿರಾರು ಇರಲಿ, ಗೆರೆಗಳು ಮಾತ್ರ ವಿರಳವಾಗಿರಲಿ. ಉದಾಹರಣೆಗೆ ಒಂದು ವೃತ್ತಕ್ಕೆ ಮೂರೇ ಚೌಕ, ಒಂದು ಚೌಕಕ್ಕೆ ಆರೇ ವೃತ್ತ.

ಇಲ್ಲಿ ಯಾರೂ ಇಡೀ ಚಿತ್ರವನ್ನು ನೋಡಬೇಕಿಲ್ಲ. ‘ನಾನು 1 ಇರಬಹುದು, ಆದರೆ ಅಷ್ಟು ಖಾತ್ರಿಯಿಲ್ಲ’ ಎಂದು ಪ್ರತಿ ವೃತ್ತವೂ ತನ್ನ ಚೌಕಗಳಿಗೆ ಹೇಳುತ್ತದೆ. ಚೌಕವು ಐವರ ಮಾತು ಕೇಳಿ ಆರನೆಯವನಿಗೆ, ‘ಹಾಗಾದರೆ ನೀನು 0 ಆಗಿರಬೇಕು’ ಎನ್ನುತ್ತದೆ. ಐವರಲ್ಲಿ ಒಬ್ಬನಿಗೆ ಅನುಮಾನವಿದ್ದರೂ ಆ ಸಲಹೆಯ ತೂಕ ಇಳಿಯುತ್ತದೆ. ವೃತ್ತ ಎಲ್ಲ ಸಲಹೆಗಳನ್ನು ತೂಗಿ ತನ್ನ ಅಭಿಪ್ರಾಯ ತಿದ್ದಿಕೊಳ್ಳುತ್ತದೆ. ಹೀಗೆ ಹತ್ತಾರು ಸುತ್ತು ನಡೆದರೆ ಸಾಮಾನ್ಯವಾಗಿ ಎಲ್ಲ ಚೌಕಗಳೂ ಸುಮ್ಮನಾಗುತ್ತವೆ.

ಒಂದು ಎಚ್ಚರ ಬೇಕು. ಊರಿನಲ್ಲಿ ನಾವೇ ಆಡಿದ ಮಾತು ನಾಲ್ಕು ಬಾಯಿ ಸುತ್ತಿ ಬಂದು ನಮ್ಮ ಕಿವಿಗೇ ಬಿದ್ದರೆ, ‘ನೋಡಿ, ಬೇರೆಯವರೂ ಅದನ್ನೇ ಹೇಳುತ್ತಿದ್ದಾರೆ’ ಎಂದು ನಂಬಿಬಿಡುತ್ತೇವೆ. ಗೆರೆಗಳು ಬೇಗ ತಿರುಗಿ ಬಂದು ಸೇರುವ ಚಿಕ್ಕ ಸುತ್ತುಗಳಿದ್ದರೆ ಇಲ್ಲಿಯೂ ಅದೇ ಮೋಸ. ನಮ್ಮ ಚಿತ್ರದಲ್ಲಿ ಕ–3–ಖ–7–ಕ ಅಂಥದೊಂದು ಸುತ್ತು. ಸಮೀಕರಣಗಳಲ್ಲಿ ಅಡಗಿರುವ ಈ ದೋಷ ಚಿತ್ರದಲ್ಲಿ ಕಣ್ಣಿಗೇ ಕಾಣುತ್ತದೆ. ಚಿತ್ರದ ಬೆಲೆ ಇರುವುದು ಇಲ್ಲೇ.

ಕಾದು ಕುಳಿತ ಪ್ರಬಂಧ

ಗ್ಯಾಲಗರ್ ಪ್ರಬಂಧ 1963ರಲ್ಲಿ ಪುಸ್ತಕವಾಗಿಯೂ ಬಂತು. ಆದರೆ ಸಾವಿರಾರು ಬಿಟ್‌ಗಳ ಸಮಾಲೋಚನೆ ನಡೆಸುವ ಶಕ್ತಿ ಅಂದಿನ ಕಂಪ್ಯೂಟರುಗಳಿಗೆ ಇರಲಿಲ್ಲ. ಮೇಲಾಗಿ ಬೀಜಗಣಿತದಿಂದ ಕಟ್ಟಿದ ಬೇರೆ ಸಂಕೇತಗಳು ಆಗ ಎಲ್ಲರ ಗಮನ ಸೆಳೆದಿದ್ದವು. ಅವುಗಳಲ್ಲಿ ಹೆಸರಾದ ಒಂದನ್ನು ಭಾರತ ಮೂಲದ ಆರ್.ಸಿ. ಬೋಸ್ ಮತ್ತು ಡಿ.ಕೆ. ರೇ–ಚೌಧುರಿ 1960ರಲ್ಲಿ ಪ್ರಕಟಿಸಿದ್ದರು.

1981ರಲ್ಲಿ ಮೈಕೇಲ್ ಟ್ಯಾನರ್ ಎಂಬವರು ವೃತ್ತ–ಚೌಕಗಳ ಈ ಚಿತ್ರಕ್ಕೆ ಶಾಸ್ತ್ರದ ರೂಪ ಕೊಟ್ಟರು. ಅದಕ್ಕೆ ಇಂದು ಟ್ಯಾನರ್ ಗ್ರಾಫ್ ಎಂದೇ ಹೆಸರು. 1993ರಲ್ಲಿ ಫ್ರಾನ್ಸಿನ ಸಂಶೋಧಕರು ‘ಟರ್ಬೊ’ ಎಂಬ ಬೇರೆ ಸಂಕೇತದಿಂದ ಶಾನನ್ ಮಿತಿಯ ಹತ್ತಿರ ಹೋಗಿ ಎಲ್ಲರನ್ನೂ ಬೆರಗುಗೊಳಿಸಿದರು. ಮೂರು ವರ್ಷದ ಬಳಿಕ, 1996ರಲ್ಲಿ, ಕೇಂಬ್ರಿಜ್‌ನ ಡೇವಿಡ್ ಮೆಕೇ ಮತ್ತು ರ‍್ಯಾಡ್‌ಫರ್ಡ್ ನೀಲ್ ಗ್ಯಾಲಗರ್ ಸಂಕೇತವೂ ಅಷ್ಟೇ ಹತ್ತಿರ ಹೋಗಬಲ್ಲದು ಎಂದು ತೋರಿಸಿದರು. 36 ವರ್ಷದ ಹಿಂದಿನ ಪ್ರಬಂಧದ ಧೂಳು ಕೊಡವಲಾಯಿತು.

ಜೇಬಿನೊಳಗಿನ ಚಿತ್ರ

ಮುಂದೆ ಉಪಗ್ರಹ ಟಿ.ವಿ., ವೈ–ಫೈಗಳಿಗೂ ಅದು ಬಂತು. 2016ರಲ್ಲಿ 5ಜಿ ಮೊಬೈಲಿನ ನಿಯಮ ರೂಪಿಸಿದವರು ದತ್ತಾಂಶ ಸಾಗಿಸಲು ಇದನ್ನೇ ಆರಿಸಿದರು. ಆ ನಿಯಮಾವಳಿಯಲ್ಲಿ ‘ಬೇಸ್ ಗ್ರಾಫ್’ ಎಂಬ ಎರಡು ಮೂಲಚಿತ್ರಗಳಿವೆ. ದೊಡ್ಡದರಲ್ಲಿ 68 ವೃತ್ತ, 46 ಚೌಕ. ಒಂದೇ ಬುಟ್ಟಾವನ್ನು ಸೀರೆಯುದ್ದಕ್ಕೂ ಮತ್ತೆ ಮತ್ತೆ ನೇಯುವಂತೆ ಇದನ್ನು 384 ಸಲದವರೆಗೆ ನಕಲು ಮಾಡಿ, ಗೆರೆಗಳನ್ನು ಒಂದು ನಕಲಿನಿಂದ ಇನ್ನೊಂದಕ್ಕೆ ಸರಿಸಿ ಹೆಣೆಯುತ್ತಾರೆ. ಆಗ ವೃತ್ತಗಳ ಸಂಖ್ಯೆ 26,112ಕ್ಕೆ ಏರುತ್ತದೆ! ಅದೇ 5ಜಿಯಲ್ಲಿ ನಿಯಂತ್ರಣ ಸಂದೇಶಗಳಿಗೆ ಬಳಸುವ ‘ಪೋಲಾರ್’ ಸಂಕೇತವನ್ನು 2009ರಲ್ಲಿ ಪ್ರಕಟಿಸಿದ ಟರ್ಕಿಯ ಎರ್ದಾಲ್ ಅರಿಕಾನ್, ಗ್ಯಾಲಗರ್ ಅವರ ಶಿಷ್ಯರೇ.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಒಂದಿದೆ. ಇಲ್ಲಿ ಬಳಕೆಯಾದದ್ದು ಸಮ–ಬೆಸ, ಸಂಭವನೀಯತೆ ಮತ್ತು ಚುಕ್ಕಿ–ಗೆರೆ. ಮೂರೂ ಶಾಲೆಯ ಗಣಿತದಲ್ಲೇ ಪರಿಚಯವಾಗುವಂಥವು. ಮಕ್ಕಳು ಲೆಕ್ಕದ ಪುಸ್ತಕದಲ್ಲಿ ಚಿತ್ರ ಬರೆದು ಯೋಚಿಸುತ್ತಿದ್ದರೆ, ಕಾಲ ಕಳೆಯುತ್ತಿದ್ದಾರೆಂದು ತಂದೆ–ತಾಯಿ ಗದರಬೇಕಾಗಿಲ್ಲ.

ಕೊನೆಗೊಂದು ಮನೆಗೆಲಸ. ನೀವು ಬರೆದ ಚಿತ್ರದಲ್ಲಿ ಕ–3–ಖ–7ರಂಥ ನಾಲ್ಕು ಗೆರೆಗಳ ಸುತ್ತು ಇನ್ನೂ ಎರಡಿವೆ. ಹುಡುಕಿ ನೋಡಿ.